ಐನೂರು ಗ್ರಾಂ

ಬೈತಖೋಲ ಬಂದರಿನ ತೂಕದಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಅದಿರಿನ ಲಾರಿ ತೂಗಿದವರು ಇವರು.
ನಿವೃತ್ತರಾದ ಮರುತಿಂಗಳು
ಎಂಟು ಸಾವಿರ ಕೊಟ್ಟು ಗಾಳಿ ಪಿಸ್ತೂಲು ತರಿಸಿದರು.
ಮಿಕ್ಸಿಯ ಜಾರು ಬಂತೆಂದು ಸಹಿ ಹಾಕಿದವಳು ನಾನೇ.

ಅಗ್ಗದ ಮಾಲು. ಪ್ಲಾಸ್ಟಿಕ್ ಹಿಡಿಕೆಯ ಅಚ್ಚಿನ ಗೆರೆ
ಅಂಗೈಯಲ್ಲಿ ಆಯುಷ್ಯರೇಖೆಗೆ ಅಡ್ಡ ಮೂಡುತ್ತಿತ್ತು.
ಟ್ರಿಗರಿಗೆ ಬಾಟಲಿ ಕಟ್ಟಿ
ಹನಿಹನಿ ನೀರು ತುಂಬಿಸುತ್ತ ತೂಗಿದರು:
ಒಂದು ಕಿಲೋ ಒಂಬೈನೂರು.
‘ಇದು ಟ್ರಿಗರಲ್ಲ, ಬಾವಿಯ ರಾಟೆ.’
ಪಂದ್ಯದವರಿಗೆ ಐನೂರು ಗ್ರಾಂ ಸಾಕಂತೆ.
ಹದಿನಾರು ಟನ್ನಿನ ಲೋಡಿನಲ್ಲಿ
ಇಪ್ಪತ್ತು ಕಿಲೋ ಬಿಟ್ಟುಕೊಡದ ಮನುಷ್ಯ
ಐನೂರು ಗ್ರಾಮಿಗೆ ಹಟ ಹಿಡಿದು ಕೂತರು.

ಪುಣೆಯಿಂದ ಸ್ಪ್ರಿಂಗು ಬಂತು, ಕೊಯಮತ್ತೂರಿನಿಂದ ಸೈಟು,
ನಳಿಗೆಯ ಮೂತಿಗೆ ತೂಕದ ಬಳೆಯೊಂದು
(ನನಗೆ ಬಳೆ ತಂದು ಎಷ್ಟು ವರ್ಷವಾಯಿತೋ).
ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿ
ಮೀನು ಹಸನು ಮಾಡುವ ಹಾಗೆ ಬಿಚ್ಚಿಡುತ್ತಿದ್ದರು.
ತೆಗೆದೆಸೆದದ್ದನ್ನೆಲ್ಲ ನಾನು
ಶಂಕರಪಾಳಿಯ ಖಾಲಿ ಡಬ್ಬಿಗೆ ಹಾಕಿಡುತ್ತಿದ್ದೆ.
ಯಾಕೆಂದರೆ ಗೊತ್ತಿಲ್ಲ,
ಸ್ಕ್ರೂ ಬಿಸಾಡುವವರ ಮನೆಯಲ್ಲಿ ಹುಟ್ಟಿದವಳಲ್ಲ.

ಕೋಡಿಬಾಗದ ನಮ್ಮ ಮನೆ ಉದ್ದಕ್ಕೆ ಒಂಬತ್ತು ಮೀಟರು ಅರವತ್ತು.
ಹತ್ತು ಬೇಕು.
ಹಿಂಬಾಗಿಲು ತೆರೆದು, ಬಟ್ಟೆ ಒಗೆಯುವ ಕಲ್ಲಿಗೆ ಹಿಮ್ಮಡಿ ಒತ್ತಿ
ಇವರು ನಿಂತರೆ
ಗುಂಡು ಅಡುಗೆಮನೆ, ದೇವರ ಗೂಡು, ಟಿವಿ ದಾಟಿ
ಮುಂಬಾಗಿಲಿಗೆ ಒರಗಿಸಿದ
ನನ್ನ ಹಳೇ ಸೀರೆ ತುರುಕಿದ ಪೆಟ್ಟಿಗೆಗೆ ಹೋಗಬೇಕು.
ಹಾಲಿನ ಸುಹಾಸ ಗೇಟಿನಲ್ಲೇ ನಿಂತು ಕೂಗುತ್ತಾನೆ:
‘ವೈನೀ, ಯುದ್ಧ ಮುಗೀತಾ?’

ಹಿಡಿಕೆ ಮರದ್ದೇ ಆಗಬೇಕೆಂದಾಗ
ಕುಮಟೆಯ ಜಟ್ಟಪ್ಪ ಗುಡಿಗಾರರ ಹೆಸರು ಹೇಳಿದ್ದೂ ನಾನೇ.
ಗಣಪತಿ, ಗಂಧದ ಪೆಟ್ಟಿಗೆ, ಆನೆಯ ಹಿಂಡು ಕೆತ್ತಿದ ಕೈ.
‘ಮುಷ್ಟಿಯ ಒಳಗಿನ ಜಾಗ ಮಾತ್ರ ಕೆತ್ತಿದ್ದಿಲ್ಲ. ಅಳತೆ ಕಳಿಸಿ.’
ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿಕೊಟ್ಟೆ.
ಇವರು ಉಸಿರು ಕಟ್ಟಿ ಹಿಡಿದರು.
ಟಿಫಿನ್ ಡಬ್ಬಿಯಲ್ಲಿ ಆ ಹಿಡಿಯನ್ನಿಟ್ಟು
ಎಂಟೂವರೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆವು.

ಸಂಜೆ ಫೋನು. ಇವರು ಪೇಟೆಗೆ ಹೋಗಿದ್ದರು.
‘ಅಮ್ಮಾ, ಯಜಮಾನ್ರು ಎರಡು ಸಲ ಹಿಡಿದ್ರೇನು?
ಒಂದೊಂದು ಬೆರಳಿಗೂ ಎರಡೆರಡು ಗೆರೆ ಬಿದ್ದಿದೆ.’
ನಾನು ಒಲೆ ಸಣ್ಣ ಮಾಡಿದೆ.
ಹೌದು, ಅಂದೆ. ಎರಡು ಸಲ.
‘ಯಾವ ಗೆರೆಗೆ ಕೆತ್ತಲಿ?’
ಎರಡರ ನಡುವೆ, ಅಂದೆ.

ಹಲಸಿನ ಹಿಡಿಕೆ ಬಂತು, ಜೇನಿನ ಬಣ್ಣ.
‘ಒಂಚೂರು ಸಡಿಲ’ ಅಂದರು ಇವರು.
ಮಳೆಗಾಲಕ್ಕೆ ಮರ ಉಬ್ಬುತ್ತದೆ, ಅಂದೆ.

ಐನೂರು ಗ್ರಾಮೂ ಬಂತು ಕೊನೆಗೆ.
ಆದರೆ ಅದು ಇವರು ಹೇಳುವ ಮೊದಲೇ ಹೊರಟುಬಿಡುತ್ತಿತ್ತು.
ಕ್ಯಾಲೆಂಡರಿನ ಏಕಾದಶಿಗೆ ತೂತು ಬಿತ್ತು,
ಟಿವಿಯ ಅಂಚಿಗೊಂದು ಚುಕ್ಕೆ.
ಸ್ಪ್ರಿಂಗಿಗೆ ಬೈದರು, ಪುಣೆಗೆ ಬೈದರು,
ಸೈಟನ್ನು ಎಡಕ್ಕೆ ಎರಡು ಕ್ಲಿಕ್, ಬಲಕ್ಕೆ ಮೂರು.
ಚಹಕ್ಕೆ ಬಸಿ ಬೇಡವೆನ್ನುತ್ತಾರೆ ಈಚೆಗೆ. ಅದು ಸದ್ದು ಮಾಡುತ್ತದೆ.

ಶ್ರಾವಣದ ಒಂದು ರಾತ್ರಿ, ಕರೆಂಟು ಹೋಗಿತ್ತು,
‘ಆ ಹಳೇ ಸ್ಪ್ರಿಂಗು ಬಿಸಾಕಿದ್ಯಾ?’
ಡಬ್ಬಿ ತಂದು ಮುಂದಿಟ್ಟೆ.
ಮೇಣದಬತ್ತಿ ಬಗ್ಗಿಸಿ ಎಷ್ಟೋ ಹೊತ್ತು ಒಳಗೆ ನೋಡಿದರು.
ಎಂಟು ಸಾವಿರದ ಪಿಸ್ತೂಲು
ಹೆಚ್ಚುಕಡಿಮೆ ಪೂರ್ತಿ ಅದರಲ್ಲೇ ಇತ್ತು.

ಈಗ ಮತ್ತೆ ಒಂದು ಕಿಲೋ ಒಂಬೈನೂರು.
ಭಾರ ಎಳೆಯುವಾಗ ಬೆರಳಿಗೆ ಬೇರೇನೂ ನೆನಪಿರುವುದಿಲ್ಲವೇನೋ.
ಆರು. ಎಂಟು. ಸೀರೆಗೆ. ಒಂಬತ್ತು.

ಹೆದ್ದಾರಿಯಲ್ಲಿ ಲಾರಿ ಹೋದರೆ
ಗುರಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ, ‘ಖಾಲಿ.’
ಅದು ಕಾಳಿ ಸೇತುವೆ ಹತ್ತುವುದನ್ನು ಕೇಳಿಸಿಕೊಂಡು ನಾನು
‘ಅಲ್ಲ, ತುಂಬಿದೆ’ ಅನ್ನುತ್ತೇನೆ.
ಹೀಗೇ, ಜಗಳಕ್ಕೆ.